ಚಿಮಣಿಯವನ ಮನೆಯ ಹೊಗೆ

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಬೊಗ್ನಾ ಯಾವೋರ್ಕಾ ಹಳ್ಳಿಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದ್ದಳಷ್ಟೆ, ಎದುರಿಗೆ ಮನೆಮನೆಯ ಹೊಗೆ ಚಿಮಣಿ ಗುಡಿಸುವವನು ಬಂದ. ತಲೆಯಿಂದ ಕಾಲಿನವರೆಗೆ ಕಪ್ಪು ಸಮವಸ್ತ್ರ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ, ಹೆಗಲಲ್ಲಿ ಸುರುಳಿ ಸುತ್ತಿದ ಉದ್ದನೆಯ ಬ್ರಷ್ಷು. ರಸ್ತೆಯಲ್ಲಿದ್ದ ಹೆಂಗಸೊಬ್ಬಳು ಅವನನ್ನು ಕಂಡದ್ದೇ ತಡ, ಕೈಯಲ್ಲಿದ್ದ ಹಾಲಿನ ಡಬ್ಬ ಕೆಳಗಿಟ್ಟು ತನ್ನ ಸ್ವೆಟರಿನ ಗುಂಡಿಯನ್ನು ಭದ್ರವಾಗಿ ಹಿಡಿದುಕೊಂಡಳು.

ಬೊಗ್ನಾ ಪಟ್ಟಣದವಳು. ಆದರೂ ಚಿಮಣಿಯವನು ಕಂಡಾಗ ಗುಂಡಿ ಹಿಡಿದು ಬೇಡಿಕೊಂಡರೆ ಅದೃಷ್ಟ ಎಂದು ಪೋಲೆಂಡಿನಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಕೈಯೂ ತಾನಾಗಿಯೇ ಕೋಟಿನ ಗುಂಡಿಗೆ ಹೋಯಿತು. ದಾರ ಮೊದಲೇ ಸಡಿಲವಾಗಿತ್ತು. ಗುಂಡಿ ಕಿತ್ತು ಕೈಗೆ ಬಂತು.

ಅವನು ನಿಂತ. “ಹಿಡ್ಕೊಳ್ಳಿ ಅಂತಾರೆ ಮೇಡಂ, ಕಿತ್ಕೊಳ್ಳಿ ಅನ್ನಲ್ಲ.”

“ನಂಗೆ ಅದೃಷ್ಟ ಸ್ವಲ್ಪ ಜಾಸ್ತಿ ಬೇಕಾಗಿದೆ.”

“ಹಾಗಾದ್ರೆ ಕನ್ನಡಕ ಹಾಕಿದೋರು ಕಣ್ಣಿಗೆ ಬೀಳೋವರೆಗೂ ಬಿಡಬೇಡಿ. ನಡುವೆ ಬಿಟ್ರೆ ಬೇಡ್ಕೊಂಡಿದ್ದು ಆಗಲ್ಲ.”

“ನಾನೇ ಹಾಕಿದೀನಲ್ಲ ಕನ್ನಡಕ?”

“ನಿಮ್ಮ ಮುಖ ನಿಮಗೆ ಕಾಣುತ್ತಾ?”

“ಕನ್ನಡಿ ಇದೆ.”

“ಕನ್ನಡಿ ಲೆಕ್ಕಕ್ಕಿಲ್ಲ. ನಮ್ಮ ತಾತಾನೂ ಇದೇ ಕೆಲಸದೋರು, ಅವರ ಕಾಲದಿಂದ್ಲೂ ಲೆಕ್ಕಕ್ಕಿಲ್ಲ.” ಅಷ್ಟು ಹೇಳಿ ಅವನು ನಕ್ಕ. ಮಸಿ ಮೆತ್ತಿದ ಮುಖದಲ್ಲಿ ಕಣ್ಣಿನ ಸುತ್ತಲಿನ ಸಣ್ಣ ಗೆರೆಗಳು ಮಾತ್ರ ಬೆಳ್ಳಗೆ ಕಂಡವು. ಬೊಗ್ನಾ ಗುಂಡಿಯನ್ನು ಜೇಬಿಗೆ ಹಾಕಿಕೊಂಡು, ಜೇಬಿನೊಳಗೇ ಹಿಡಿದುಕೊಂಡು, ಕೆಲಸಕ್ಕೆ ನಡೆದಳು. ಅವಳು ಬೇಡಿಕೊಂಡದ್ದು ನಲವತ್ತು ಮನೆ.

ನಲವತ್ತು ಮನೆ ಅಂದರೆ ನಲವತ್ತು ಅರ್ಜಿ. ಮನೆ ಬೆಚ್ಚಗಿಡುವ ಹಳೆ ಕಲ್ಲಿದ್ದಲು ಬಾಯ್ಲರ್ ಕಿತ್ತು ಹಾಕಿ, ಗೋಡೆಗೆ ಹೊರಗಿನಿಂದ ಗೇಣು ದಪ್ಪ ಥರ್ಮೋಕೋಲ್ ಹೊದಿಸಿ, ಹೊಗೆಯಿಲ್ಲದೆ ಕರೆಂಟಿನಿಂದಲೇ ಮನೆ ಬಿಸಿ ಮಾಡುವ ಹೀಟ್ ಪಂಪ್ ಕೂರಿಸಿಕೊಳ್ಳುವವರಿಗೆ ಸರ್ಕಾರ ಅರ್ಧಕ್ಕಿಂತ ಹೆಚ್ಚು ಖರ್ಚು ಕೊಡುತ್ತಿತ್ತು. ಜನಕ್ಕೆ ತಿಳಿಸಿ ಹೇಳಿ ಅರ್ಜಿ ತುಂಬಿಸಲು ಪಂಚಾಯಿತಿಯವರು ಬೊಗ್ನಾಳನ್ನು ನೇಮಿಸಿದ್ದರು. ಮಾರ್ಚ್ ಮೂವತ್ತೊಂದರ ಒಳಗೆ ನಲವತ್ತು ಮನೆ ಒಪ್ಪಿದರೆ ಹುದ್ದೆ ಮುಂದುವರಿಯುತ್ತದೆ. ಇಲ್ಲದಿದ್ದರೆ ತಾರ್ನೂಫ್ ಪಟ್ಟಣಕ್ಕೆ ವಾಪಸ್ಸು, ತಂಗಿಯ ಮನೆಯ ಸೋಫಾ ಮೇಲೆ ನಿದ್ದೆ. ವಯಸ್ಸು ಮೂವತ್ತಾರು. ಒಬ್ಬನ ಜೊತೆ ಏಳು ವರ್ಷ ಮದುವೆಯ ಮಾತಾಡಿ ಮಾತಾಡಿ ಕೊನೆಗೆ ಮಾತೇ ಮುಗಿದು ಹೋಗಿತ್ತು. ಇಲ್ಲಿ ನೆಲೆ ನಿಲ್ಲಬೇಕೆಂದು ಅವಳಿಗೆ ತುಂಬ ಆಸೆಯಿತ್ತು.

ಯಾವೋರ್ಕಾ ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಚಳಿಗಾಲದಲ್ಲಿ ನೂರಾರು ಚಿಮಣಿಗಳ ಹೊಗೆ ಮೇಲೇರಲಾಗದೆ ಊರಿನ ಮೇಲೇ ಕೂತುಬಿಡುತ್ತದೆ. ಒಣಗಲು ಹಾಕಿದ ಬಿಳಿ ಬಟ್ಟೆ ಬೂದಿ ಬಣ್ಣವಾಗಿ ಒಳಗೆ ಬರುತ್ತದೆ. ಮಕ್ಕಳು ಕೆಮ್ಮುತ್ತವೆ. ಹೊಗೆ ಒಳ್ಳೆಯದೆಂದು ವಾದ ಮಾಡುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಮೂರು ವಾರದಲ್ಲಿ ಬಂದ ಅರ್ಜಿ ಒಂದೇ, ಶಾಲೆಯ ಹೆಡ್ ಮಾಸ್ತರರದ್ದು. ಮಿಕ್ಕವರೆಲ್ಲ ಒಳಗೆ ಕರೆದರು, ಟೀ ಕೊಟ್ಟರು, ಗಸಗಸೆ ಕೇಕು ಕೊಟ್ಟರು, “ನೋಡೋಣ” ಅಂದರು.

ಬೊಗ್ನಾ ಬಾಡಿಗೆಗಿದ್ದದ್ದು ಗೆನೊವೆಫಮ್ಮನ ದಿನಸಿ ಅಂಗಡಿಯ ಮಹಡಿಯಲ್ಲಿ. ಗೆನೊವೆಫಮ್ಮನಿಗೆ ಅರವತ್ತೈದು ವಯಸ್ಸು. ಊರಿನ ಯಾವ ಸುದ್ದಿಯೂ ಅವಳ ತಕ್ಕಡಿಯಲ್ಲಿ ತೂಗಿಸಿಕೊಳ್ಳದೆ ಮುಂದಕ್ಕೆ ಹೋಗುತ್ತಿರಲಿಲ್ಲ.

“ನೀವು ಹಂಚೋ ಬಣ್ಣದ ಕಾಗದ ಯಾರು ಓದ್ತಾರೆ ಮೇಡಂ?” ಅಂದಳು ಅವಳು, ಬ್ರೆಡ್ಡು ಸುತ್ತಿಕೊಡುತ್ತ. “ಇಲ್ಲಿ ಪಕ್ಕದ ಮನೇಲಿ ನೋಡದೆ ಯಾರೂ ಕಿಟಕಿ ಪರದೇನೂ ಬದಲಾಯ್ಸಲ್ಲ. ಬಾಯ್ಲರ್ ಬದಲಾಯ್ಸು ಅಂದ್ರೆ ಬದಲಾಯ್ಸ್ತಾರಾ? ವಿಟೊಲ್ಡ್ ಏನಂತಾನೆ?”

“ಯಾರು ವಿಟೊಲ್ಡ್?”

“ಚಿಮಣಿಯೋನು. ಎಲ್ಲರ ಮನೆ ಒಳಗೂ ಗೊತ್ತು ಅವನಿಗೆ. ಅವನ ಮನೇಲೇ ಇನ್ನೂ ಕಲ್ಲಿದ್ದಲು ಉರೀತಿದೆ. ಅಗೋ, ಎದುರಿಗೇ ಇದೆಯಲ್ಲ.”

ಬೊಗ್ನಾ ತಿರುಗಿ ನೋಡಿದಳು. ರಸ್ತೆಯಾಚೆ ಹಸಿರು ಗೇಟಿನ ಮನೆ. ಅದರ ಚಿಮಣಿಯಿಂದ ಬರುತ್ತಿದ್ದಷ್ಟು ದಟ್ಟ ಹಳದಿ ಹೊಗೆಯನ್ನು ಅವಳು ಇಡೀ ಊರಲ್ಲಿ ಬೇರೆಲ್ಲೂ ಕಂಡಿರಲಿಲ್ಲ.

*

ಮರುದಿನ ಅವಳು ವಿಟೊಲ್ಡ್‌ನನ್ನು ಅವನ ಗೇಟಿನಲ್ಲೇ ಹಿಡಿದಳು. “ನೀವು ಹೇಗೂ ಎಲ್ಲಾ ಮನೆ ಚಿಮಣಿ ನೋಡ್ತೀರಿ. ಯಾವ ಮನೇಲಿ ಯಾವ ಬಾಯ್ಲರ್ ಇದೆ ಅಂತ ನಾನೂ ಪಟ್ಟಿ ಮಾಡ್ಬೇಕು. ನಿಮ್ಮ ಜೊತೇಲಿ ಬರಲಾ?”

“ಬನ್ನಿ. ಆದ್ರೆ ‘ಪಂಪ್ ಹಾಕ್ಸಿ’ ಅಂತ ನಾನು ಯಾರಿಗೂ ಹೇಳಲ್ಲ. ಇರೋದನ್ನ ಇದ್ದ ಹಾಗೆ ಹೇಳ್ತೀನಿ.”

“ಅಷ್ಟೇ ಸಾಕು.”

“ಟಾರ್ಚು ನೀವು ಹಿಡೀಬೇಕು.”

ಹೀಗೆ ಶುರುವಾಯಿತು. ದಿನಕ್ಕೆ ನಾಲ್ಕೈದು ಮನೆ. ಅವನು ನೆಲಮಾಳಿಗೆಗೆ ಇಳಿದು ಬಾಯ್ಲರಿನ ಬಾಯಿ ತೆಗೆಯುತ್ತಿದ್ದ, ಅವಳು ಹಿಂದೆ ನಿಂತು ಬೆಳಕು ಹಿಡಿಯುತ್ತಿದ್ದಳು. ಅಡುಗೆಮನೆ, ಬಚ್ಚಲುಮನೆಗಳ ಗಾಳಿಕಿಂಡಿ ನೋಡುವಾಗ ಅವಳ ಕೈಗೆ ಒಂದು ತೆಳು ಕಾಗದ ಕೊಡುತ್ತಿದ್ದ. ಕಾಗದ ಕಿಂಡಿಗೆ ಅಂಟಿ ನಿಂತರೆ ಗಾಳಿ ಓಡಾಡುತ್ತಿದೆ ಎಂದರ್ಥ, ಬಿದ್ದರೆ ಇಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಕಾಗದವನ್ನೇ ನೋಡುತ್ತ ನಿಲ್ಲುತ್ತಿದ್ದರು. ಮುಖ ಎಷ್ಟೇ ತೊಳೆದರೂ ಅವನ ರೆಪ್ಪೆಯ ಅಂಚಿನಲ್ಲಿ ಕಾಡಿಗೆ ತೀಡಿದ ಹಾಗೆ ಮಸಿ ಉಳಿಯುತ್ತದೆ ಎಂಬುದು ಬೊಗ್ನಾಳಿಗೆ ತಿಳಿದದ್ದು ಆಗ. ಅವಳು ಅದನ್ನು ನೋಡುತ್ತಿದ್ದಾಳೆ ಎಂಬುದು ಅವನಿಗೂ ತಿಳಿದಿತ್ತು. ಒಂದು ದಿನ ಕಾಗದ ಬಿದ್ದು ಎಷ್ಟೋ ಹೊತ್ತಾದ ಮೇಲೆ ಅವನು ಮೆಲ್ಲಗೆ, “ಕಾಗದ ಕೆಳಗಿದೆ ಮೇಡಂ,” ಅಂದ.

ಆ ಮನೆಯ ಕಿಂಡಿಯೊಳಗೆ ಯಾರೋ ಹಳೆ ಟವೆಲ್ಲು ತುರುಕಿದ್ದರು. ವಿಟೊಲ್ಡ್ ಅದನ್ನು ಎಳೆದು ತೆಗೆದು ಯಜಮಾನನ ಕೈಗಿಟ್ಟ. “ಹೊಸ ಕಿಟಕಿ ಬಿಗಿಯಾಗಿ ಹಾಕ್ಸಿದೀಯ, ಒಳಗೆ ಕಲ್ಲಿದ್ದಲು ಉರಿಸ್ತೀಯ, ಕಿಂಡಿ ಮುಚ್ತೀಯ. ಆ ವಿಷಗಾಳಿಗೆ ವಾಸನೆ ಇಲ್ಲ ಕಣಯ್ಯ. ಬೆಳಿಗ್ಗೆ ಏಳೋದೇ ಇಲ್ಲ ನೀನು.”

“ಚಳಿ ಬರುತ್ತಲ್ಲ ವಿಟೊಲ್ಡ್!”

“ಬರುತ್ತೆ. ನಿನ್ನ ಗೋಡೆಗೆ ಹೊದಿಕೆ ಇಲ್ಲ, ಅದಕ್ಕೆ ಬರುತ್ತೆ.”

ಯಜಮಾನ ಟವೆಲ್ಲನ್ನೂ ಬೊಗ್ನಾಳನ್ನೂ ಒಂದು ಸಲ ನೋಡಿದ. “ಎಲ್ಲಿ ಆ ನಿಮ್ಮ ಕಾಗದ, ಕೊಡಿ ನೋಡೋಣ,” ಅಂದ.

ಅರ್ಜಿ ಅವಳೇ ತುಂಬುತ್ತಿದ್ದಳು. ಹೆಸರು, ಕೋಣೆಗಳು, ಆಮೇಲೆ ಮನೆಯಲ್ಲಿ ವಾಸಿಸುವವರ ಸಂಖ್ಯೆ. ಬಿಸಿನೀರಿನ ಟ್ಯಾಂಕು ಎಷ್ಟು ದೊಡ್ಡದಿರಬೇಕೆಂದು ಆ ಸಂಖ್ಯೆಯ ಮೇಲೆಯೇ ತೀರ್ಮಾನ. ಒಬ್ಬ ವಿಧುರ “ಇಬ್ರು, ನಾನು ಮತ್ತೆ ಬೆಕ್ಕು” ಅಂದ. ಒಬ್ಬ ತಾಯಿ ಬೆಳೆದ ಮಗಳ ಕಡೆ ನೋಡಿಕೊಂಡು, “ಸದ್ಯಕ್ಕೆ ಐದು, ಬೇಸಿಗೆಗೆ ನಾಲ್ಕಾದ್ರೆ ಸಂತೋಷ,” ಅಂದಳು.

ಸಾಕ್ಷಿಯ ಸಹಿ ಹಾಕುವಾಗ ವಿಟೊಲ್ಡ್ ಕಾಗದವನ್ನು ತೋಳಿನಷ್ಟು ದೂರ ಹಿಡಿಯುತ್ತಿದ್ದ, ಕಣ್ಣು ಕಿರಿದು ಮಾಡುತ್ತಿದ್ದ, ಕೊನೆಗೆ “ನೀವೇ ಓದಿಬಿಡಿ” ಎಂದು ಅವಳ ಕೈಗೆ ಕೊಡುತ್ತಿದ್ದ.

“ಕನ್ನಡಕ ಮಾಡ್ಸಿಕೊಳ್ಳಿ ವಿಟೊಲ್ಡ್ ಅವ್ರೇ.”

“ನಲವತ್ತಮೂರಕ್ಕೇನಾ? ಮಾಡಿನ ಮೇಲೆ ಹತ್ತೋನು ಕನ್ನಡಕ ಹಾಕ್ಕೊಂಡ್ರೆ ಜನ ಏಣಿ ಕೊಡೋಕೂ ಹೆದರ್ತಾರೆ.”

ಅವರಿಬ್ಬರೂ ಒಟ್ಟಿಗೆ ಓಡಾಡುವುದರಲ್ಲಿ ಊರಿನವರು ತಮ್ಮ ಲಾಭ ಕಂಡುಕೊಂಡರು. ಚಿಮಣಿಯವನು ಕಂಡ ಕೂಡಲೆ ಗುಂಡಿ ಹಿಡಿ, ಪಕ್ಕದಲ್ಲೇ ಕನ್ನಡಕದವಳು, ಬಿಡು, ಮುಗಿಯಿತು. ಮುದುಕಿಯರು ಸೊಂಟನೋವಿಗೂ ಲಾಟರಿಗೂ ಬೇಲಿಯ ಹತ್ತಿರ ಬಂದು ಕಾಯತೊಡಗಿದರು. “ಸ್ವಲ್ಪ ನಿಂತ್ಕೊಳ್ರಪ್ಪಾ, ಗುಂಡಿ ಸಿಕ್ತಿಲ್ಲ!” ಎಂದು ಒಬ್ಬಳು ಕಿಟಕಿಯಿಂದ ಕೂಗಿದಾಗ ವಿಟೊಲ್ಡ್ ನಿಜವಾಗಿಯೂ ನಿಂತ. ಬೊಗ್ನಾ ನಗು ತಡೆಯಲಾರದೆ ಅವನ ತೋಳು ಹಿಡಿದಳು. ಅವಳ ಕೈಗವಸು ಕಪ್ಪಾಯಿತು. ಅವಳು ಅದನ್ನು ಒಗೆಯಲಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ಅರ್ಜಿ ಹನ್ನೊಂದಾಗಿದ್ದವು.

*

ಕ್ರಿಸ್‌ಮಸ್ ಹಿಂದಿನ ದಿನ ಬೊಗ್ನಾ ತಂಗಿಯ ಮನೆಗೆ ಹೋಗಬೇಕಿತ್ತು. ಹಿಮ ಬಿದ್ದು ಮಧ್ಯಾಹ್ನದ ಕೊನೆಯ ಬಸ್ಸು ಬರಲೇ ಇಲ್ಲ. ಸ್ಟಾಪಿನಲ್ಲಿ ಗಡಗಡ ನಡುಗುತ್ತ ನಿಂತವಳನ್ನು ಕಂಡು ವಿಟೊಲ್ಡ್ ಅವಳ ಪೆಟ್ಟಿಗೆ ಎತ್ತಿಕೊಂಡು ಹಸಿರು ಗೇಟಿನ ಕಡೆ ನಡೆದ.

ಆ ಸಂಜೆ ಅಲ್ಲಿ ಪ್ರತಿಯೊಂದು ಮನೆಯ ಊಟದ ಮೇಜಿನ ಮೇಲೂ ಒಂದು ತಟ್ಟೆ ಹೆಚ್ಚಿಗೆ ಇಟ್ಟಿರುತ್ತಾರೆ, ದಾರಿ ತಪ್ಪಿ ಬರುವ ಅತಿಥಿಗೆಂದು. ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ವಿಟೊಲ್ಡ್‌ನ ತಾಯಿ ಲಿಯೊಕಾಡಿಯಮ್ಮ ಬಾಗಿಲಲ್ಲಿ ಬೊಗ್ನಾಳನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಮೂವತ್ತೆರಡು ವರ್ಷದಿಂದ ಆ ತಟ್ಟೆ ಸುಮ್ನೆ ತೊಳೀತಿದೀನಿ. ಬಾ ಕೂತ್ಕೋ,” ಅಂದಳು.

ಊಟಕ್ಕೆ ಮುಂಚೆ ತೆಳುವಾದ ಬಿಳಿ ರೊಟ್ಟಿಯನ್ನು ಒಬ್ಬರ ಕೈಯಿಂದ ಒಬ್ಬರು ಮುರಿದುಕೊಂಡು ಒಳ್ಳೆಯದನ್ನು ಹಾರೈಸುವುದು ಪದ್ಧತಿ. ವಿಟೊಲ್ಡ್ ಅವಳ ರೊಟ್ಟಿಯ ಚೂರು ಮುರಿದ. ಆ ದಿನ ಅವನ ಉಗುರಲ್ಲೂ ಮಸಿ ಇರಲಿಲ್ಲ. “ನಿಮಗೆ ನಲವತ್ತು ಮನೆ ಸಿಗಲಿ,” ಅಂದ. ಅವಳೂ ಮುರಿದಳು. ಬೇರೇನೋ ಹೇಳಬೇಕೆಂದಿದ್ದಳು. ಕೊನೆಗೆ “ಆರೋಗ್ಯ ಚೆನ್ನಾಗಿರಲಿ,” ಅಂದಳು. ಎಂಬತ್ತು ವರ್ಷದವರಿಗೆ ಹೇಳುವ ಮಾತು ಅದು. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು.

ಬೀಟ್‌ರೂಟ್ ಸಾರು ಅರ್ಧ ಕುಡಿಯುವಷ್ಟರಲ್ಲಿ ಮನೆ ತಣ್ಣಗಾಯಿತು. ವಿಟೊಲ್ಡ್ ಎದ್ದು ಕಲ್ಲಿದ್ದಲು ಹಾಕಲು ನೆಲಮಾಳಿಗೆಗೆ ಇಳಿದ. ಬೊಗ್ನಾ ಕೇಳಿಯೇಬಿಟ್ಟಳು. “ಲಿಯೊಕಾಡಿಯಮ್ಮ, ನೀವು ಯಾಕೆ ಬದಲಾಯ್ಸಲ್ಲ?”

“ಎದುರು ಮನೆ ಗೆನೊವೆಫಾ ಮೊದಲು ಮಾಡ್ಲಿ.”

“ಅವರು ನಿಮ್ಮ ಮನೆ ನೋಡಿ ಮಾಡ್ತಾರಂತೆ.”

“ಹಾ! ಮಾಡ್ತಾಳೆ!” ಮುದುಕಿ ಚಮಚ ಕೆಳಗಿಟ್ಟಳು. “ಈ ಊರಲ್ಲಿ ಮೊದಲು ಪ್ಲಾಸ್ಟಿಕ್ ಕಿಟಕಿ ಹಾಕ್ಸಿದೋಳು ನಾನು. ವಿಟೊಲ್ಡ್‌ನ ಅಪ್ಪ ಬೇಡ ಅಂದ್ರೂ ಕೇಳಲಿಲ್ಲ. ಆ ಚಳಿಗಾಲ ಗೋಡೆ ತುಂಬಾ ಕಪ್ಪು ಬೂಷ್ಟು ಬಂತು. ಮ್ಯೂಸಿಯಂ ನೋಡೋ ಹಾಗೆ ಇಡೀ ಊರು ಬಂದು ನೋಡ್ಕೊಂಡು ಹೋಯ್ತು. ಗೆನೊವೆಫಾ ಎರಡು ಸಲ ಬಂದ್ಲು, ಎರಡನೇ ಸಲ ತಂಗೀನೂ ಕರ್ಕೊಂಡು. ಮತ್ತೊಂದು ಸಲ ನಾನು ನಗೆಪಾಟಲು ಆಗೋಳಲ್ಲ.”

“ಗಾಳಿಕಿಂಡಿ ಇಡದೆ ಹಾಕಿದಾರೆ, ಅದಕ್ಕೇ ಬೂಷ್ಟು ಬಂದಿದ್ದು.”

“ಈಗ ಗೊತ್ತು. ಆಗ ಮಗ ಶಾಲೆ ಹುಡುಗ, ಹೇಳೋರು ಯಾರು?”

ವಿಟೊಲ್ಡ್ ಕೈ ತೊಳೆದುಕೊಂಡು ಬಂದು ಕೂತ. ಲಿಯೊಕಾಡಿಯಮ್ಮ ಮಾತು ತಿರುಗಿಸಿದಳು. “ಎರಡು ತಿಂಗಳಿಂದ ಒಟ್ಟಿಗೆ ಮಸಿ ಬಳ್ಕೋತಿದೀರಿ, ಇನ್ನೂ ‘ಅವ್ರೇ’, ‘ಮೇಡಂ’ ಅಂತೀರಲ್ಲ. ಒಂದು ಲೋಟ ಕುಡಿದು, ಕೈ ಕುಲುಕಿ, ಹೆಸರು ಹಿಡಿದು ಕರೀಬಾರದಾ?”

“ಅದನ್ನ ಹೆಂಗಸೇ ಮೊದಲು ಹೇಳ್ಬೇಕಲ್ಲಮ್ಮ,” ಅಂದ ವಿಟೊಲ್ಡ್, ಮೀನಿನ ಮುಳ್ಳು ಬಿಡಿಸುತ್ತ. ತಲೆ ಎತ್ತಲಿಲ್ಲ. “ಗಂಡಸು ಕೇಳೋ ಹಾಗಿಲ್ಲ.”

ಬೊಗ್ನಾ ಹೇಳಬಹುದಿತ್ತು. ಹೇಳದೆ ಜೇಬಿನಲ್ಲಿ ಕೈ ಹಾಕಿ ಗುಂಡಿ ಮುಟ್ಟಿಕೊಂಡಳು. ಆ ಸಂಜೆ ಅವಳ ಬೇಡಿಕೆ ಬದಲಾಯಿತು.

*

ಹೊಸ ವರ್ಷ ಕಳೆದದ್ದೇ ಅರ್ಜಿಗಳು ನುಗ್ಗತೊಡಗಿದವು. ಒಂದು ದಿನ ಮೂರು, ಮರುದಿನ ಐದು. ಯಾರೂ “ನೋಡೋಣ” ಅನ್ನುವುದಿಲ್ಲ. ಟೀ ಕುಡಿಸಿದ ಮನೆಗಳೆಲ್ಲ ಕಚೇರಿ ಬಾಗಿಲಿಗೆ ಬಂದವು. ಬೊಗ್ನಾ ತನ್ನ ಬಣ್ಣದ ಕಾಗದಗಳಿಗೆ ಕಡೆಗೂ ಬೆಲೆ ಬಂತೆಂದು ಹಿಗ್ಗಿದಳು. ಇಪ್ಪತ್ತೈದನೇ ಅರ್ಜಿ ಗೆನೊವೆಫಮ್ಮನದೇ.

“ಲಿಯೊಕಾಡಿಯಮ್ಮ ಮಾಡೋವರೆಗೂ ಮಾಡಲ್ಲ ಅಂದಿದ್ರಿ?”

“ಈಗ ಅವಳು ಮಾಡೇ ಮಾಡ್ತಾಳಲ್ಲ. ಸೊಸೇನೇ ಆಫೀಸಿನೋಳಾದ್ರೆ ಮಾಡದೆ ಇರ್ತಾಳಾ?”

“ಯಾವ ಸೊಸೆ?”

“ಮುಚ್ಚಿಡ್ಬೇಡಿ ಮೇಡಂ. ಕ್ರಿಸ್‌ಮಸ್ ಊಟಕ್ಕೆ ಪೆಟ್ಟಿಗೆ ಸಮೇತ ಒಳಗೆ ಹೋಗಿದ್ದು ನನ್ನ ಕಿಟಕಿಯಿಂದ ಕಾಣಲ್ವಾ? ಈಸ್ಟರ್ ಆದ್ಮೇಲೆ ಮದುವೆ ಅಂತ ಎಲ್ಲರಿಗೂ ಗೊತ್ತು.” ಗೆನೊವೆಫಮ್ಮ ಸಹಿ ಹಾಕಿ ಪೆನ್ನು ಮುಚ್ಚಿದಳು. “ನೋಡಿ, ಆಫೀಸಿನೋರು ಬರ್ತಾರೆ, ಹೋಗ್ತಾರೆ. ನಾಳೆ ಪಂಪ್ ಕೆಟ್ರೆ ಯಾರನ್ನ ಹಿಡಿಯೋದು? ಈಗ ಆ ಚಿಂತೆ ಇಲ್ಲ. ವಿಟೊಲ್ಡ್ ಹೆಂಡ್ತೀನ ಹಿಡಿತೀವಿ.”

ಇಲ್ಲ ಎಂದು ಹೇಳಲು ಬೊಗ್ನಾ ಬಾಯಿ ತೆರೆದಳು. ಗೆನೊವೆಫಮ್ಮನ ಹಿಂದೆ ಇನ್ನೂ ಆರು ಜನ ಅರ್ಜಿ ಹಿಡಿದು ನಿಂತಿದ್ದರು. ಅವಳು ಮುಂದಿನವರ ಅರ್ಜಿ ತೆಗೆದುಕೊಂಡಳು.

ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ನಾಲ್ಕು ಬಂದವು. ಅದರ ಮರುದಿನವೂ ಹೇಳಲಿಲ್ಲ. ಅವಳು ಸುಳ್ಳು ಹೇಳಲಿಲ್ಲ ಎಂಬುದು ನಿಜ, ಆದರೆ ಅಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳುವಷ್ಟು ದಡ್ಡಿಯೂ ಅಲ್ಲ. ನಾಚಿಕೆಯ ಮಾತೆಂದರೆ ಆ ಸುದ್ದಿ ಕೇಳಲು ಅವಳಿಗೆ ಹಿತವಾಗಿತ್ತು. ಹತ್ತು ದಿನ ಹೀಗೇ ಕಳೆಯಿತು. ಅರ್ಜಿ ಮೂವತ್ತೆಂಟಾದವು.

ಹನ್ನೊಂದನೆಯ ದಿನ ಬಡಗಿಯೊಬ್ಬನ ಮನೆಯಲ್ಲಿ ವಿಟೊಲ್ಡ್ ಗಾಳಿಕಿಂಡಿಗೆ ಕಾಗದ ಹಿಡಿಯುತ್ತಿದ್ದಾಗ ಆ ಬಡಗಿ, “ಮದುವೆಗೆ ಬಾಗಿಲ ಚೌಕಟ್ಟು ನಂದೇ ಉಡುಗೊರೆ ಕಣೋ,” ಅಂದ. ವಿಟೊಲ್ಡ್ ತಿರುಗಿ ನೋಡಿದ್ದು ಬಡಗಿಯನ್ನಲ್ಲ, ಬೊಗ್ನಾಳನ್ನು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವನಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಯಿತು.

ರಸ್ತೆಗೆ ಬಂದ ಮೇಲೆ ಕೇಳಿದ. “ಎಷ್ಟು ದಿನದಿಂದ ಗೊತ್ತು?”

“ಹತ್ತು ದಿನ.”

“ಇಲ್ಲ ಅಂತ ಹೇಳಲಿಲ್ಲ.”

“ಹೇಳ್ಬೇಕು ಅಂತಿದ್ದೆ...”

“ಎಷ್ಟಾಯ್ತು ಅರ್ಜಿ?”

“ಮೂವತ್ತೆಂಟು.”

ಅವನು ತಲೆ ಆಡಿಸಿದ. “ಇಪ್ಪತ್ತು ವರ್ಷದಿಂದ ಈ ಊರಲ್ಲಿ ನಾನು ಇರೋದನ್ನ ಇದ್ದ ಹಾಗೆ ಹೇಳ್ತಾ ಬಂದೆ. ಅದಕ್ಕೇ ಬಾಗಿಲು ತೆಗೀತಾರೆ. ನೀವು ನನ್ನ ಹೆಸರಲ್ಲಿ ಇಲ್ಲದ್ದನ್ನ ಮಾರಿದ್ರಿ.” ಸ್ವಲ್ಪ ತಡೆದು ಕೇಳಿದ. “ಆ ಊಟದ ದಿನ ಬಸ್ಸು ನಿಜವಾಗ್ಲೂ ಬರಲಿಲ್ವಾ?”

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಉತ್ತರ ಕೊಡುವಷ್ಟರಲ್ಲಿ ಅವನು ಟಾರ್ಚನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಟುಹೋಗಿದ್ದ.

*

ಈಸ್ಟರ್‌ಗೆ ಮುಂಚಿನ ಉಪವಾಸದ ನಲವತ್ತು ದಿನ ಶುರುವಾಗುವ ಹಿಂದಿನ ಗುರುವಾರ ಊರಿನ ಹೆಂಗಸರ ಸಂಘದವರು ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಡೋನಟ್ ಕರಿಯುತ್ತಾರೆ. ಆ ದಿನ ಒಂದಾದರೂ ತಿನ್ನದವನಿಗೆ ವರ್ಷವಿಡೀ ದರಿದ್ರ ಎಂಬ ಭಯಕ್ಕೆ ಇಡೀ ಊರು ಅಲ್ಲಿ ಸೇರುತ್ತದೆ. ಬೊಗ್ನಾ ಹೋಗಿ ಎಣ್ಣೆ ಬಾಣಲೆಯ ಪಕ್ಕದಲ್ಲಿ ನಿಂತಳು.

“ಒಂದು ಮಾತು ಹೇಳ್ಬೇಕು,” ಅಂದಳು. “ನಂಗೂ ವಿಟೊಲ್ಡ್ ಅವರಿಗೂ ಮದುವೆ ಇಲ್ಲ. ಅವರು ಯಾವತ್ತೂ ಹಾಗೆ ಹೇಳಿಲ್ಲ, ಕೇಳಿಲ್ಲ. ನೀವೆಲ್ಲ ಹಾಗೆ ಅಂದ್ಕೊಂಡಿದೀರಿ ಅಂತ ನಂಗೆ ಗೊತ್ತಾದ ಮೇಲೂ ಸುಮ್ನಿದ್ದೆ. ಅರ್ಜಿ ಬರ್ಲಿ ಅಂತ ಸುಮ್ನಿದ್ದೆ. ಅದು ತಪ್ಪು. ಆ ಮಾತು ನಂಬಿ ಸಹಿ ಹಾಕಿದೋರು ನಾಳೆ ಬಂದು ಅರ್ಜಿ ವಾಪಸ್ ತಗೊಳ್ಳಿ. ಪಂಪ್ ಮಾತ್ರ ಒಳ್ಳೇದೇ. ಅದರಲ್ಲಿ ಸುಳ್ಳಿಲ್ಲ.”

ಎಣ್ಣೆ ಮಾತ್ರ ಚುಂಯ್ ಎನ್ನುತ್ತಿತ್ತು. ಗೆನೊವೆಫಮ್ಮನ ಬಾಯಲ್ಲಿ ಡೋನಟ್ ಹಾಗೇ ಉಳಿದಿತ್ತು. ಮೂಲೆಯಲ್ಲಿ ಕೂತಿದ್ದ ಲಿಯೊಕಾಡಿಯಮ್ಮ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ವಿಟೊಲ್ಡ್ ಅಲ್ಲಿ ಇರಲಿಲ್ಲ.

ಮರುದಿನ ಒಂಬತ್ತು ಜನ ಬಂದು ಅರ್ಜಿ ವಾಪಸ್ ಪಡೆದರು. ಮೊದಲನೆಯವಳು ಗೆನೊವೆಫಮ್ಮ. “ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ಒಳ್ಳೆಯೋರೇ. ಆದ್ರೆ ಹೋಗೋರು,” ಅಂದಳು. ಬೊಗ್ನಾ ಅವಳ ಅರ್ಜಿ ಹುಡುಕಿ ಕೊಟ್ಟಳು.

ಮಾರ್ಚ್ ತಿಂಗಳಿಡೀ ಅವಳು ಒಬ್ಬಳೇ ಮನೆ ಮನೆ ತಿರುಗಿದಳು. ಕಾಗದ ಹಿಡಿದಳು, ಟಾರ್ಚೂ ತಾನೇ ಹಿಡಿದಳು. ನಾಲ್ಕು ಅರ್ಜಿ ಬಂದವು, ಎಲ್ಲವೂ ಗಟ್ಟಿ. ದೂರದ ಮಾಡಿನ ಮೇಲೆ ಕಪ್ಪು ಆಕೃತಿ ಕಂಡರೆ ನಿಲ್ಲುತ್ತಿದ್ದಳು. ಅದು ತಿರುಗುತ್ತಿರಲಿಲ್ಲ. ಮಾರ್ಚ್ ಮೂವತ್ತೊಂದಕ್ಕೆ ಲೆಕ್ಕ ಮೂವತ್ತಮೂರಕ್ಕೆ ನಿಂತಿತು. ಸಂಜೆ ನಾಲ್ಕಕ್ಕೆ ಅವಳು ಕಚೇರಿಯ ಬೀಗದ ಕೈ ಒಪ್ಪಿಸಿದಳು.

*

ಏಪ್ರಿಲ್ ಒಂದರಂದು ಬೆಳಿಗ್ಗೆ ಬೊಗ್ನಾ ಕೈ ಬೀಸಿಕೊಂಡು ಹಸಿರು ಗೇಟಿಗೆ ಹೋದಳು. ಚೀಲ ಇಲ್ಲ, ಕಾಗದ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಪೆಟ್ಟಿಗೆ ಕಟ್ಟಿಟ್ಟಿದ್ದಳು.

ಲಿಯೊಕಾಡಿಯಮ್ಮ ಬಾಗಿಲು ತೆಗೆದಳು. “ಕಾಗದ ಎಲ್ಲಿ?”

“ಕೆಲಸ ಮುಗೀತು ಅಮ್ಮ. ನಲವತ್ತಾಗಲಿಲ್ಲ.”

“ಮತ್ತೆ ಯಾಕೆ ಬಂದೆ?”

“ವಿಟೊಲ್ಡ್ ಅವರ ಹತ್ರ ಮಾತಾಡ್ಬೇಕು.”

“ವಿಟೊಲ್ಡ್!” ಮುದುಕಿ ಹಿತ್ತಲಿನ ಕಡೆ ಕೂಗಿದಳು. “ಇಳಿದು ಬಾ! ಕಾಗದ ಇಲ್ಲದೆ ಬಂದಿದಾಳೆ!” ಹಾಗೆ ಕೂಗಿ ಅಡುಗೆಮನೆಗೆ ಹೋದಳು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಅವನು ಬಂದು ಮೇಜಿನ ಆಚೆ ಬದಿಯಲ್ಲಿ ನಿಂತ. ಸೊರಗಿದ್ದ. ಇಬ್ಬರ ನಡುವೆ ಹೂವಿನ ಪ್ಲಾಸ್ಟಿಕ್ ಹಾಸು ಹಾಸಿದ ಮೇಜು.

“ಬಸ್ಸು ನಿಜವಾಗ್ಲೂ ಬರಲಿಲ್ಲ,” ಅಂದಳು ಬೊಗ್ನಾ. “ಅವತ್ತು ಅದನ್ನ ಹೇಳೋಕಾಗಲಿಲ್ಲ. ಬಂದಿದ್ರೂ ಹತ್ತುತ್ತಿದ್ದೆನೋ ಇಲ್ವೋ, ಅದು ಗೊತ್ತಿಲ್ಲ. ಈಗ ನಂಗೆ ನಿಮ್ಮ ಸಹಿ ಬೇಡ. ಬೇಕಂದ್ರೂ ಉಪಯೋಗ ಇಲ್ಲ. ಸುಮ್ನಿದ್ದಿದ್ದು ತಪ್ಪು. ಆದ್ರೆ ಅರ್ಜಿಗೆ ಮಾತ್ರ ಸುಮ್ನಿರಲಿಲ್ಲ. ಆ ಸುದ್ದಿ ನಿಜ ಆದ್ರೆ ಚೆನ್ನಾಗಿತ್ತು ಅನ್ನಿಸ್ತು, ಅದಕ್ಕೂ ಸುಮ್ನಿದ್ದೆ. ನಂಗೆ ನೀವು ಇಷ್ಟ. ಇಷ್ಟೇ ಹೇಳೋಕೆ ಬಂದಿದ್ದು.”

ವಿಟೊಲ್ಡ್ ಮೇಜಿನ ಡ್ರಾಯರ್ ಎಳೆದ. ಮಡಚಿಟ್ಟ ಕಾಗದವೊಂದನ್ನು ತೆಗೆದು ಅವಳ ಮುಂದೆ ಬಿಡಿಸಿದ. ಹೀಟ್ ಪಂಪ್‌ನ ಅರ್ಜಿ. ತುಂಬಿತ್ತು. ತಾರೀಖು ಆ ಡೋನಟ್ ಗುರುವಾರದ್ದು.

“ಅವತ್ತು ಅಮ್ಮ ಸಭೆಯಿಂದ ಬಂದು ಕೋಟೂ ಬಿಚ್ಚದೆ ಹೇಳಿದ್ಲು, ‘ಊರೆದುರು ನಗೆಪಾಟಲು ಆಗೋಕೆ ಆ ಹುಡುಗಿ ಹೆದರಲಿಲ್ಲ, ನಾನ್ಯಾಕೆ ಹೆದರ್ಲಿ, ಬರಿ’ ಅಂತ. ಅವತ್ತೇ ಬರೆದೆ. ತಂದುಕೊಡಲಿಲ್ಲ.”

“ಯಾಕೆ?”

“ತಂದಿದ್ರೆ ನಿಮಗೆ ಖುಷಿ ಆಗ್ತಿತ್ತು. ಆ ಖುಷಿ ಅರ್ಜಿಗೋ ನಂಗೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ತಾರೀಖು ಮುಗೀಲಿ ಅಂತ ಕಾದೆ. ಅದೂ ತಪ್ಪೇ. ನಿಮ್ಮ ಕೆಲಸ ಹೋಯ್ತು.” ಅವನು ಅರ್ಜಿಯ ಕೆಳಭಾಗವನ್ನು ಬೆರಳಲ್ಲಿ ತಡಕಿದ. “ಒಂದು ಚೌಕ ಮಾತ್ರ ತುಂಬಿಲ್ಲ. ಎಲ್ಲಿ ಅದು...”

ಅಂಗಿಯ ಮೇಲಿನ ಜೇಬಿಗೆ ಕೈ ಹಾಕಿದ. ಒಂದು ಕ್ಷಣ ಅನುಮಾನಿಸಿದ. ಆಮೇಲೆ ಹೊಚ್ಚ ಹೊಸ ಕನ್ನಡಕವೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮೂಗಿನ ಮೇಲೆ ಕೂರಿಸಿಕೊಂಡ. ಸ್ವಲ್ಪ ಓರೆಯಾಗಿಯೇ ಕೂತಿತು. ಗಾಜಿನ ಹಿಂದೆ ಆ ಕಾಡಿಗೆಯಂಥ ರೆಪ್ಪೆಗಳು ದೊಡ್ಡದಾಗಿ ಕಂಡವು. “ನಗಬೇಡಿ,” ಅಂದ.

ಬೊಗ್ನಾ ನಗಲಿಲ್ಲ. ಕೋಟಿನ ಜೇಬಿನಿಂದ ಗುಂಡಿ ತೆಗೆದು ಮೇಜಿನ ಮೇಲೆ ಇಟ್ಟು ಕೈ ಬಿಟ್ಟಳು.

ಅವನು ಗುಂಡಿಯನ್ನು ನೋಡಿದ, ಅವಳನ್ನು ನೋಡಿದ. “ಅಕ್ಟೋಬರ್‌ದಾ? ಆರು ತಿಂಗಳಲ್ಲಿ ಕನ್ನಡಕದೋರು ಒಬ್ಬರೂ ಸಿಗಲಿಲ್ವಾ?”

“ತುಂಬಾ ಜನ ಸಿಕ್ಕಿದ್ರು. ಬಿಡೋಕೆ ಮನಸ್ಸಾಗಲಿಲ್ಲ.”

“ಏನು ಬೇಡ್ಕೊಂಡಿದ್ರಿ?”

“ನಲವತ್ತು ಮನೆ. ಕ್ರಿಸ್‌ಮಸ್ ಊಟದ ದಿನ ಬದಲಾಯ್ಸಿದೆ.”

“ಎಷ್ಟಕ್ಕೆ?”

“ಒಂದಕ್ಕೆ.”

ಅವನ ಕಿವಿ ಕೆಂಪಾಯಿತು. ಬೊಗ್ನಾ ಮೇಜಿನ ಮೇಲಿಂದ ಕೈ ಚಾಚಿದಳು. ಹೆಂಗಸೇ ಮೊದಲು ಹೇಳಬೇಕಾದ ಮಾತನ್ನು ಹೇಳಿದಳು. “ನಾನು ಬೊಗ್ನಾ.”

“ನಾನು ವಿಟೊಲ್ಡ್.” ಅವನು ಕೈ ಹಿಡಿದುಕೊಂಡ. ಕುಲುಕಿ ಬಿಡಬೇಕಾದ ಕೈಯನ್ನು ಬಿಡಲಿಲ್ಲ. ಮೇಜು ಸುತ್ತಿ ಬಂದು ಅವಳ ಕೆನ್ನೆಗೆ ಕೆನ್ನೆ ತಾಗಿಸಿದ. ಇಬ್ಬರ ಕನ್ನಡಕಗಳೂ ಒಂದಕ್ಕೊಂದು ಬಡಿದವು.

“ಯಾವ ಚೌಕ ಖಾಲಿ ಇದ್ದಿದ್ದು?” ಎಂದು ಅವಳು ಆಮೇಲೆ ಕೇಳಿದಳು.

“ಮನೆಯಲ್ಲಿ ವಾಸಿಸುವವರ ಸಂಖ್ಯೆ. ಎರಡು ಬರಿಯೋಕೆ ಕೈ ಬರಲಿಲ್ಲ. ಮೂರು ಬರಿಯೋಕೆ... ನಿನ್ನ ಕೇಳ್ಬೇಕಿತ್ತು, ಬೊಗ್ನಾ.”

ಅಡುಗೆಮನೆಯಿಂದ ಲಿಯೊಕಾಡಿಯಮ್ಮನ ದನಿ ಬಂತು. “ದೊಡ್ಡ ಟ್ಯಾಂಕೇ ಹಾಕ್ಸಿ! ನಾನು ಮೊದಲು ಸ್ನಾನ ಮಾಡೋಳು!”

ಬೊಗ್ನಾ ಪೆನ್ನು ತೆಗೆದುಕೊಂಡು ಚೌಕದಲ್ಲಿ ಮೂರು ಎಂದು ಬರೆದಳು. ಮಧ್ಯಾಹ್ನದ ಬಸ್ಸು ಸರಿಯಾದ ಸಮಯಕ್ಕೇ ಬಂದು ಅವಳಿಲ್ಲದೆ ಹೋಯಿತು. ಕೆಲಸದ ಮಾತು ಶರತ್ಕಾಲದಲ್ಲಿ ಅರ್ಜಿಗಳ ಹೊಸ ಸುತ್ತು ಶುರುವಾದಾಗ ನೋಡಿಕೊಳ್ಳುವುದೆಂದಾಯಿತು.

ಎದುರು ಮನೆಯ ಕಿಟಕಿಯಲ್ಲಿ ಬೆಳಗಿನಿಂದ ಪರದೆ ಅಲ್ಲಾಡುತ್ತಲೇ ಇತ್ತು. ಮರುದಿನ ಎಂಟು ಗಂಟೆಗೆ ಗೆನೊವೆಫಮ್ಮ ತನ್ನ ಹಳೆ ಅರ್ಜಿ ಹಿಡಿದುಕೊಂಡು ಹಸಿರು ಗೇಟಿಗೆ ಬಂದಳು. ಬಾಗಿಲು ತೆಗೆದವಳು ಬೊಗ್ನಾ. ಗೆನೊವೆಫಮ್ಮ ಅವಳ ಕೋಟಿನಲ್ಲಿ ಹೊಸ ದಾರದಿಂದ ಹೊಲಿದ ಗುಂಡಿಯನ್ನು ನೋಡಿದಳು.

“ಈ ಸಲ ನಿಜಾನೇ ತಾನೆ?” ಎಂದು ಕೇಳಿದಳು.

“ನಿಜಾನೇ,” ಅಂದಳು ಬೊಗ್ನಾ, ಮತ್ತು ಅರ್ಜಿಗೆ ಕೈ ಚಾಚಿದಳು.